ಕಾಮಣಿ ಪಕ್ಕೀರವ್ವನ ಮನೆಗೆ ಬಂದ ‘ನೆಗೆಟಿವ್’

ನಮ್ಮ ಸೀಮೆಯಲ್ಲಿ ಮನುಷ್ಯರ ಹೆಸರಿಗಿಂತ ಅವರ ಮನೆತನದ ಹೆಸರು ರುಚಿಯಾಗಿರುತ್ತದೆ. ಮೆಣಸಿನಕಾಯಿಯವರು, ಉಳ್ಳಾಗಡ್ಡಿಯವರು, ಬೆಲ್ಲದವರು, ಅಕ್ಕಿಯವರು. ಒಂದು ಲಗ್ನಪತ್ರಿಕೆಯನ್ನು ಪೂರ್ತಿ ಓದಿದರೆ ವಾರದ ಸಂತೆ ಮುಗಿಸಿ ಬಂದ ಹಾಗಾಗುತ್ತದೆ. ಆದ್ದರಿಂದ ಕೊಪ್ಪಳ ಜಿಲ್ಲೆಯಾದ ವರ್ಷ, ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಕಾಮಣಿ ಪಕ್ಕೀರವ್ವ ಎಂಬ ಹೆಂಗಸು ಇದ್ದಾಳೆಂದು ಕೇಳಿದಾಗ, ಇದನ್ನು ಬರೆದವನು ಕಾಮಣಿ ಎನ್ನುವುದು ಅವಳ ಮನೆತನದ ಹೆಸರೆಂದೇ ತಿಳಿದ. ಹೋದವನೇ ಹೊಸ್ತಿಲ ಮುಂದೆ ನಿಂತು, “ಕಾಮಣಿಯವರ ಮನೆತನ ಮೂಲತಃ ಎಲ್ಲಿಂದ ಬಂದದ್ದು?” ಎಂದು ಗಂಭೀರವಾಗಿ ಕೇಳಿದ.

ಪಕ್ಕೀರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹೊಲಸ ನೀರಿನಿಂದ ಬರ್ತೈತ್ರಿ,” ಅಂದಳು. “ಕಣ್ಣ ಅಗಲಿಸಿ ತೋರಸ್ರಿ. ಆಗಿ ಎಷ್ಟ ದಿನಾತು?”

ಕಾಮಣಿ ಎಂದರೆ ಕಾಮಾಲೆ. ಪಕ್ಕೀರವ್ವ ಅದಕ್ಕೆ ಸೊಪ್ಪಿನ ಔಷಧ ಕೊಡುವವಳು. ಅವಳ ನಿಜವಾದ ಮನೆತನದ ಹೆಸರು ಬೇರೆಯೇ ಇತ್ತು. ಗಂಡ ಕಳಕಪ್ಪ ತೀರಿಕೊಂಡ ಮೇಲೆ ಅದು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು.

ಆ ಮನೆಯಲ್ಲಿ ಔಷಧ ಅತ್ತೆಯಿಂದ ಸೊಸೆಗೆ ಇಳಿದು ಬರುತ್ತಿತ್ತು. ಅತ್ತೆ ಹಂಪವ್ವ ತನ್ನ ಕೊನೆಗಾಲದಲ್ಲಿ ಸೊಸೆಯನ್ನು ಹತ್ತಿರ ಕರೆದು, ಸೊಪ್ಪಿನ ಹೆಸರನ್ನು ಕಿವಿಯಲ್ಲಿ ಹೇಳಿ ಹೋಗಿದ್ದಳು. ಬಾಯಿಬಿಟ್ಟು ಯಾರಿಗಾದರೂ ಹೇಳಿದರೆ ಕೈಗುಣ ಹೋಗುತ್ತದೆಂಬ ಮಾತಿತ್ತು. ರವಿವಾರ ಮತ್ತು ಗುರುವಾರ ಹೊತ್ತು ಮೂಡುವ ಮೊದಲೇ ಪಕ್ಕೀರವ್ವ ಹೊಲದ ಬದುವಿಗೆ ಹೋಗಿ ಸೊಪ್ಪು ತರುವಳು, ಕಲ್ಲಿನ ಮೇಲೆ ಅರೆದು ರಸ ಹಿಂಡುವಳು, ಎಮ್ಮೆಯ ಮಜ್ಜಿಗೆಯಲ್ಲಿ ಕಲಸುವಳು. ಬೇವಿನ ಮರದ ಕೆಳಗೆ ಹಳದಿ ಕಣ್ಣುಗಳ ಸಾಲು ಖಾಲಿ ಹೊಟ್ಟೆಯಲ್ಲಿ ಕಾದಿರುತ್ತಿತ್ತು. ರೊಕ್ಕವನ್ನು ಅವಳು ಮುಟ್ಟುತ್ತಿರಲಿಲ್ಲ. ಮರ್ಯಾದೆಯನ್ನು ಮಾತ್ರ ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ಒಮ್ಮೆ ತಹಸೀಲ್ದಾರರೊಬ್ಬರು ಜೀಪಿನಲ್ಲೇ ಕುಳಿತು ಲೋಟ ತರಿಸಲು ನೋಡಿದರಂತೆ. “ಜೀಪಿಗೆ ಕಾಮಣಿ ಆಗಿದ್ರ ಅಲ್ಲಿಗೇ ತಂದ ಹಾಕ್ತೀನಿ, ಸಾಹೇಬ್ರಿಗೆ ಆಗಿದ್ರ ಸಾಲಿನ್ಯಾಗ ನಿಲ್ಲಾಕ ಹೇಳ್ರಿ,” ಎಂದು ಹೇಳಿ ಕಳಿಸಿದಳು. ಅವರು ಇಳಿದು ಬಂದು ನಿಂತರು.

ಕುಡಿದವರಲ್ಲಿ ಬಹಳ ಮಂದಿಗೆ ಕೆಲವು ವಾರಗಳಲ್ಲಿ ಕಣ್ಣು ಬೆಳ್ಳಗಾಗುತ್ತಿತ್ತು. ಕುಷ್ಟಗಿ ಬಸ್‌ಸ್ಟ್ಯಾಂಡಿನಿಂದ ಟೆಂಪೋ ಹೊಡೆಯುವ ಮೌಲಾಹುಸೇನ ಆ ಎರಡು ದಿನ ಊರಿನ ಹೆಸರನ್ನೇ ಬಿಟ್ಟು, “ಕಾಮಣಿ, ಕಾಮಣಿ, ಕಾಮಣೀ!” ಎಂದು ಕೂಗುತ್ತಿದ್ದ. ಹೊಸಬರು ಅದೂ ಒಂದು ಊರಿರಬೇಕೆಂದು ಹತ್ತಿ ಕುಳಿತದ್ದುಂಟು.

ಇವಳಿಗೆ ಒಬ್ಬನೇ ಮಗ, ಗಾಳೇಶ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಮಷೀನು ರಿಪೇರಿ ಮಾಡುವ ಫಿಟ್ಟರ್. ಹೆಂಡತಿ ಸುನಿತಾ ಗಂಗಾವತಿಯವಳೇ, ಮಗಳು ಸಹನಾ ಇನ್ನೂ ತೊಟ್ಟಿಲಲ್ಲಿ. ಗಾಳೇಶನಿಗೆ ಯಾವ ಚಟವೂ ಇರಲಿಲ್ಲ, ಮಾತಿನ ಚಟವೊಂದನ್ನು ಬಿಟ್ಟು. ಗಿರಣಿ ಕೆಟ್ಟು ನಿಂತಾಗ ಮಾಲೀಕರು ಬೈದರೆ, “ನಾ ಮಷೀನಿನ ಡಾಕ್ಟರ್‌ರಿ, ಯಮಧರ್ಮ ಅಲ್ಲ. ತಡದ ಬರ್ತೀನಿ, ಆದ್ರ ಉಳಿಸ್ತೀನಿ,” ಅನ್ನುವವನು.

ಇನ್ನು ಬಸವಕುಮಾರನ ಮಾತು ಹೇಳಬೇಕು. ಪಕ್ಕೀರವ್ವನ ತಂಗಿಯ ಮಗ. ಕೊಪ್ಪಳದಲ್ಲಿ ಪ್ರೌಢಶಾಲೆಯ ಶಿಕ್ಷಕ. ಜಿಲ್ಲೆಯಾದ ಹೊಸತರಲ್ಲಿ ಕೊಪ್ಪಳದವರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ತಾಲ್ಲೂಕು ಮಟ್ಟದ ಮನುಷ್ಯರೆಲ್ಲ ರಾತ್ರೋರಾತ್ರಿ ಜಿಲ್ಲಾ ಮಟ್ಟದವರಾಗಿದ್ದರು. ಬಸವಕುಮಾರ ಒಂದು ‘ಜಿಲ್ಲಾ ಜಾಗೃತಿ ವೇದಿಕೆ’ ಕಟ್ಟಿ ತಾನೇ ಸಂಸ್ಥಾಪಕ ಅಧ್ಯಕ್ಷನಾದ. ವೇದಿಕೆಗೆ ಸದಸ್ಯರು ಸಿಗುವ ಮೊದಲೇ ಲೆಟರ್‌ಹೆಡ್ ಬಂದಿತ್ತು. ಕನ್ನಡದಲ್ಲಿ ಎಂ.ಎ. ಮಾಡಿದ್ದ. ಇಂಗ್ಲಿಷನ್ನೂ ಓದುತ್ತಿದ್ದ, ಅರ್ಥ ಮಾತ್ರ ತನ್ನದೇ ಹಾಕಿಕೊಳ್ಳುತ್ತಿದ್ದ.

೧೯೯೯ರಲ್ಲಿ ಈ ವೇದಿಕೆ ಗಂಗಾವತಿಯಲ್ಲಿ ರಕ್ತದಾನ ಶಿಬಿರ ಮಾಡಿತು. ಫೋಟೋಕ್ಕೆ ಜನ ಕಡಿಮೆ ಬಿದ್ದರು. ಬಸವಕುಮಾರ ಗಿರಣಿಗೆ ಓಡಿಬಂದು ತಮ್ಮನನ್ನು ಎಳೆದುಕೊಂಡು ಹೋದ. ಗಾಳೇಶ ರಕ್ತ ಕೊಟ್ಟ, ಬಿಸ್ಕೀಟು ತಿಂದ, ‘ಬಿ ಪಾಸಿಟಿವ್’ ಎಂದು ಬರೆದ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಬಂದ.

ಕೆಲವು ದಿನಗಳಾದ ಮೇಲೆ ಗಿರಣಿಯ ಫೋನಿಗೆ ರಕ್ತನಿಧಿಯಿಂದ ಒಂದು ಕರೆ ಬಂತು. ಗುಮಾಸ್ತ ಫೋನಿಟ್ಟು ಒಳಗೆ ಕೂಗಿದ: “ಏ ಗಾಳೇಶಾ, ನೀ ಬಿ ಪಾಸಿಟಿವ್ ಅದೀಯಂತ. ಒಮ್ಮಿ ಬಂದ ಹೋಗಬೇಕಂತ.”

“ಗೊತ್ತೈತಿ ಅಂತ ಹೇಳಬೇಕಿಲ್ಲ? ಕಾರ್ಡಿನ್ಯಾಗ ಬರದಾರ.”

ಸಂಜೆ ಅಣ್ಣನನ್ನು ಕೇಳಿದ. ಬಸವಕುಮಾರ ನಕ್ಕ. “ಭಾಳ ಬೇಡಿಕಿ ಇರೋ ರಗತ ಅದು. ಅದಕ್ಕ ಮತ್ತ ಕರಿಯಾಕತ್ತಾರ.”

“ಹಂಗಂದ್ರ ಹ್ವಾದ್ರ ಇನ್ನೊಂದ ಬಾಟ್ಲಿ ಹಿಂಡ್ತಾರ. ಒಲ್ಯಪಾ,” ಎಂದ ಗಾಳೇಶ. ಹೋಗಲಿಲ್ಲ.

ಕರೆ ಬಂದದ್ದು ರಕ್ತದ ಗುಂಪಿಗಲ್ಲ, ರಕ್ತದಲ್ಲಿ ಸಿಕ್ಕ ಹೆಪಟೈಟಿಸ್ ಬಿ ಎಂಬ ರೋಗಾಣುವಿಗೆ ಎಂದು ತಿಳಿಯಬೇಕಾದರೆ ಮುಂದೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಗಾಳೇಶನ ಪಿತ್ತಜನಕಾಂಗ, ನಮ್ಮ ಜನ ಈಗ ಸಲೀಸಾಗಿ ಲಿವರ್ ಅನ್ನುತ್ತಾರಲ್ಲ, ಅದು ಒಳಗೊಳಗೇ ಸವೆಯುತ್ತಿತ್ತು. ಅವನು ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, ಬೇಡಿಕೆಯ ರಕ್ತದವನೆಂದು ಗಿರಣಿಯಲ್ಲಿ ಹೇಳಿಕೊಂಡು ಓಡಾಡುತ್ತಿದ್ದ.

ಮೊದಲ ಸಲ ಅವನ ಕಣ್ಣು ಹಳದಿಯಾದಾಗ ಊರಿಗೆ ಹಬ್ಬವಾಯಿತು. “ಔಷಧ ಕೊಡಾಕಿ ಮಗಗ ಕಾಮಣಿ ಆತಂತ, ಕಂಬಾರನ ಮನ್ಯಾಗ ಕುಡಗೋಲು ಇಲ್ಲದಂಗ,” ಎಂದು ಬೇವಿನ ಮರದ ಕೆಳಗಿನವರೂ ನಕ್ಕರು. ಪಕ್ಕೀರವ್ವ ಮಗನನ್ನು ಮನೆಗೆ ಕರೆಸಿಕೊಂಡು ಔಷಧ ಕುಡಿಸಿ, ಅನ್ನ ಮಜ್ಜಿಗೆಯ ಮೇಲೆ ಇಟ್ಟಳು. ತಿಂಗಳೊಪ್ಪತ್ತಿನಲ್ಲಿ ಕಣ್ಣು ತಿಳಿಯಾಯಿತು. ಅವಳು ಅಂಗಳದಲ್ಲಿ ನಿಂತು ಮಗನ ಕೆಳರೆಪ್ಪೆ ಎಳೆದು ನಾಲ್ಕು ಮಂದಿಗೆ ತೋರಿಸಿದಳು.

ಮರುವರ್ಷ ಮತ್ತೆ ಹಳದಿಯಾಯಿತು. ಈ ಸಲ ಸುನಿತಾ ಸುಮ್ಮನಿರಲಿಲ್ಲ.

“ಅತ್ತಿ, ಒಂದ ಸಲ ಆದ್ರ ಕಾಮಣಿ ಅನ್ನೋಣು. ಎರಡ ಸಲ ಆದ್ರ?”

“ಎರಡ ಸಲ ಕಾಮಣಿ.”

“ನಿಮ್ಮ ಸಾಲಿನ್ಯಾಗ ಮತ್ತ ಮತ್ತ ಆದವ್ರು ಯಾರದಾರ ಹೇಳ್ರಿ.”

ಪಕ್ಕೀರವ್ವ ನೆನಪಿಸಿಕೊಂಡಳು. ಇದ್ದರು. ಎರಡನೆಯ ಸಲ ಬಂದವರು ಮೂರನೆಯ ಸಲ ಬಂದಿರಲಿಲ್ಲ. ಗುಣವಾಗಿ ಮರೆತಿರಬೇಕೆಂದು ಅವಳು ಅಂದುಕೊಂಡಿದ್ದಳು.

ಸುನಿತಾ ಗಂಡನನ್ನು ಗಂಗಾವತಿಯ ಡಾಕ್ಟರರ ಹತ್ತಿರ ಕರೆದೊಯ್ದಳು. ಅವರು ರಕ್ತ ನೋಡಿ, “ಬಿ ಪಾಸಿಟಿವ್ ಐತಲ್ಲೋ,” ಅಂದರು. ಗಾಳೇಶ ಅಭಿಮಾನದಿಂದ ಜೇಬಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಯಪಾ, ನಿನ್ನ ರಗತದ ಗುಂಪೂ ಬಿ ಪಾಸಿಟಿವ್, ನಿನ್ನ ಬ್ಯಾನೀನೂ ಬಿ ಪಾಸಿಟಿವ್. ಹೆಸರ ಇಟ್ಟಾವ್ರಿಗೆ ಬ್ಯಾರೆ ಅಕ್ಷರ ಸಿಗಲಿಲ್ಲೇನೋ.”

ಅವರೇ ಹುಬ್ಬಳ್ಳಿಯ ದೊಡ್ಡ ಡಾಕ್ಟರಮ್ಮನಿಗೆ ಚೀಟಿ ಕೊಟ್ಟರು. ಡಾಕ್ಟರಮ್ಮ ದಿನಕ್ಕೊಂದು ಗುಳಿಗೆ ಬರೆದಳು. ಬರೆದು, ಗಾಳೇಶನನ್ನಲ್ಲ, ಸುನಿತಾಳನ್ನು ನೋಡಿ ಹೇಳಿದಳು: “ಆರಾಮನಿಸಿದ್ರೂ ನುಂಗಬೇಕು. ನಾನ ಬಿಡು ಅನ್ನೂತನಕ ಬಿಡಂಗಿಲ್ಲ. ನಡುವ ಬಿಟ್ರ ಲಿವರ್ ಕೈಕೊಡ್ತೈತಿ, ಆಮ್ಯಾಲ ನನ್ನ ಕೈಯಾಗೂ ಏನೂ ಇರಂಗಿಲ್ಲ.”

ಗುಳಿಗೆಯ ಸುದ್ದಿ ಕೇಳಿ ಪಕ್ಕೀರವ್ವನಿಗೆ ಮೈ ಉರಿಯಿತು. ತಹಸೀಲ್ದಾರನನ್ನು ಸಾಲಿನಲ್ಲಿ ನಿಲ್ಲಿಸಿದವಳ ಮಗ ಹುಬ್ಬಳ್ಳಿಯಲ್ಲಿ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದ. ಕೊನೆಗೆ ಒಂದು ರಾಜಿಯಾಯಿತು. ಬೆಳಗ್ಗೆ ಹೆಂಡತಿಯ ಗುಳಿಗೆ, ರವಿವಾರ ಊರಿಗೆ ಬಂದು ತಾಯಿಯ ಸೊಪ್ಪು. ಗಾಳೇಶ ಎರಡನ್ನೂ ನುಂಗಿದ. “ಅತ್ತಿ ಸೊಸಿ ನಡುವ ಇರಾವಂಗ ಲಿವರ್ ಒಂದ ಅಲ್ಲ, ಎರಡ ಬೇಕು,” ಅಂದ.

ವರ್ಷ ಕಳೆದ ಮೇಲೆ ಡಾಕ್ಟರಮ್ಮ ಹೇಳಿದ್ದ ಪರೀಕ್ಷೆಯನ್ನು ಗಂಗಾವತಿಯಲ್ಲೇ ಮಾಡಿಸಿದರು. ರಿಪೋರ್ಟು ತರಲು ಹೋದಾಗ ಬಸವಕುಮಾರ ಜೊತೆಗಿದ್ದ. ಅವನೇ ಲಕೋಟೆ ಒಡೆದ. ಇಂಗ್ಲಿಷಿನ ದೊಡ್ಡ ಅಕ್ಷರಗಳ ನಡುವೆ ಒಂದು ಚಿಕ್ಕ ‘ಇ’ ಇತ್ತು. ಅದು ಅಚ್ಚಿನ ದೋಷವೆಂದು ಶಿಕ್ಷಕಸಹಜವಾದ ಔದಾರ್ಯದಿಂದ ಕ್ಷಮಿಸಿದ. ಅದರ ಮುಂದೆ ಇದ್ದ ಮಾತು ‘ನೆಗೆಟಿವ್’. ಅಷ್ಟು ಸಾಕಾಗಿತ್ತು. ಫೇಡೆಯ ಪೆಟ್ಟಿಗೆ ಹಿಡಿದು, ಮೌಲಾಹುಸೇನನ ಟೆಂಪೋ ಹಿಡಿದು, ಗಾಳೇಶ ಸುನಿತಾರನ್ನೂ ಕೂಡಿಸಿಕೊಂಡು ಪಕ್ಕೀರವ್ವನ ಅಂಗಳದಲ್ಲಿ ಇಳಿದ.

“ದೊಡ್ಡವ್ವಾ, ಬಾಯಿ ತಗಿ! ಗಾಳೇಶಂದು ನೆಗೆಟಿವ್ ಬಂತು. ಬ್ಯಾನಿ ಹೋತು!”

“ಹೋತಂದ್ರ?”

“ಪೂರಾ ಹೋತು. ಪಾಸಿಟಿವ್ ಇದ್ದದ್ದು ನೆಗೆಟಿವ್ ಆತಂದ್ರ ಏನು? ದೊಡ್ಡ ದೊಡ್ಡ ಡಾಕ್ಟರು ಕೈಚೆಲ್ಲೂ ಬ್ಯಾನಿ ಇದು. ನಿನ್ನ ಸೊಪ್ಪಿಗೆ ಮಣೀತು ನೋಡು.”

“ಗುಳಿಗೀನೂ ನುಂಗ್ಯಾರಲ್ರಿ, ಭಾವಾರ,” ಎಂದಳು ಸುನಿತಾ.

“ಗುಳಿಗಿ ಎಲ್ಲಾರೂ ನುಂಗ್ತಾರವ್ವಾ. ಸೊಪ್ಪು ಎಲ್ಲಾರಿಗೆ ಸಿಗತೈತೇನು?”

ಗಾಳೇಶ ಕಟ್ಟೆಯ ಮೇಲೆ ಕುಳಿತಿದ್ದ. ಆ ಗುಳಿಗೆ ಅವನಿಗೂ ಬೇಸರವಾಗಿತ್ತು. ಆದರೆ ಹುಬ್ಬಳ್ಳಿಯ ಮಾತು ಕಿವಿಯಲ್ಲಿತ್ತು. ಅಣ್ಣನನ್ನು ಬಿಟ್ಟು ತಾಯಿಯ ಕಡೆ ತಿರುಗಿದ.

“ಅವ್ವಾ, ಗುಳಿಗಿ ಬಿಡ್ಲೇನು?”

ಸುನಿತಾ ಅಡ್ಡ ಬಂದಳು. “ಡಾಕ್ಟರಮ್ಮ ಬಿಡು ಅಂದಿಲ್ಲ. ಒಮ್ಮಿ ಹುಬ್ಬಳ್ಳಿಗೆ ಹೋಗಿ ಕೇಳಿ ಬರೋಣು. ಬಸ್ಸೇನು ಇಲ್ಲದಂಗ ಆಗ್ಯಾವ?”

“ಇಲ್ಲಿ ಓದಿದವ್ರು ಅದೀವವ್ವಾ,” ಎಂದ ಬಸವಕುಮಾರ.

ಪಕ್ಕೀರವ್ವ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಸೊಸೆಯ ಮುಖದಲ್ಲಿ ಆ ಹುಬ್ಬಳ್ಳಿಯ ಹೆಂಗಸು ನಿಂತಿದ್ದಾಳೆ ಎಂದು ಅವಳಿಗೆ ಅನ್ನಿಸಿತು.

“ಬಿಡು,” ಅಂದಳು. “ಬ್ಯಾನಿ ಹೋದಮ್ಯಾಲ ಎದಕ್ಕ ಹೊಟ್ಟಿ ಸುಟ್ಕೊಂತಿ? ಬಿಡು ನನ ಮಗನ.”

ಗಾಳೇಶ ಬಿಟ್ಟ. ಫೇಡೆ ಎಲ್ಲರಿಗೂ ಹಂಚಿದರು. ಸುನಿತಾ ತನ್ನ ಪಾಲಿನದನ್ನು ಸಹನಾಳ ಕೈಗೆ ಕೊಟ್ಟು ಒಳಗೆ ಹೋದಳು.

ಮುಂದಿನ ತಿಂಗಳು ಕೊಪ್ಪಳದಲ್ಲಿ ಪಕ್ಕೀರವ್ವನಿಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಸ್ವಾಗತ ಬಸವಕುಮಾರನದು, ಪ್ರಾಸ್ತಾವಿಕ ಬಸವಕುಮಾರನದು, ಸಭೆಗೆ ಕರೆಸಿದ್ದ ಅಧ್ಯಕ್ಷರು ಬರುವುದು ತಡವಾದ್ದರಿಂದ ಅಧ್ಯಕ್ಷೀಯ ಭಾಷಣವೂ ಅವನದೇ. ಗಾಳೇಶನನ್ನು ವೇದಿಕೆಯ ಮೇಲೆ ನಿಲ್ಲಿಸಿ, “ಈ ಯುವಕನ ರಕ್ತವೇ ಸಾಕ್ಷಿ!” ಎಂದ. ಜನ ಚಪ್ಪಾಳೆ ತಟ್ಟಿದರು. ಗಾಳೇಶ ಪಕ್ಕದವನ ಕಿವಿಯಲ್ಲಿ, “ಸಾಕ್ಷಿ ಒಳಗೈತಿ, ಹೊರಗ ಕರೀಬ್ಯಾಡ್ರಪಾ,” ಅಂದನಂತೆ.

ಪಕ್ಕೀರವ್ವ ಆ ಶಾಲನ್ನು ಮಡಿಸಿ ಇಡಲಿಲ್ಲ. ಗುರುವಾರ, ರವಿವಾರ ಹೊದ್ದುಕೊಂಡೇ ಲೋಟ ಕೊಡುತ್ತಿದ್ದಳು. ಬಸವಕುಮಾರ ಹಂಚಿದ ಕರಪತ್ರ ಹಿಡಿದು ಬಳ್ಳಾರಿ, ರಾಯಚೂರು, ಬಾಗಲಕೋಟೆ ಕಡೆಯಿಂದ ಜನ ಬಂದರು. ಬರುವವರು ಈಗ ಬರೀ ಹಳದಿ ಕಣ್ಣು ಹೊತ್ತು ಬರುತ್ತಿರಲಿಲ್ಲ. ದವಾಖಾನೆಯ ಫೈಲು, ಗುಳಿಗೆಯ ಡಬ್ಬಿ ತರುತ್ತಿದ್ದರು. ಇವನ್ನು ಏನು ಮಾಡೋಣವೆಂದು ಕೇಳುತ್ತಿದ್ದರು. ಪಕ್ಕೀರವ್ವ ಮಗನಿಗೆ ಹೇಳಿದ್ದನ್ನೇ ಅವರಿಗೂ ಹೇಳುತ್ತಿದ್ದಳು.

ಸೊಪ್ಪಿನ ಹೆಸರನ್ನು ಸೊಸೆಗೆ ದಾಟಿಸುವ ಮನಸ್ಸೂ ಅವಳಿಗೆ ಆಗಲೇ ಬಂತು. ಅಮಾವಾಸ್ಯೆಯ ದಿನ ಸುನಿತಾಳನ್ನು ಕಲ್ಲಿನ ಹತ್ತಿರ ಕರೆದಳು. ಸುನಿತಾ ಎರಡೂ ಕಿವಿಯ ಮೇಲೆ ಸೆರಗು ಎಳೆದುಕೊಂಡಳು.

“ನನಗ ಸೊಪ್ಪಿನ ಹೆಸರು ಬ್ಯಾಡ್ರಿ ಅತ್ತಿ. ಗುಳಿಗಿ ಹೆಸರು ಗೊತ್ತೈತಿ, ಸಾಕು.”

“ಇಷ್ಟ ಸೊಕ್ಕು ಬ್ಯಾಡ.”

“ಸೊಕ್ಕಲ್ರಿ, ಹೆದರಿಕಿ,” ಎಂದಳು ಸುನಿತಾ.

ಎರಡು ಮೂರು ವರ್ಷ ಗಾಳೇಶ ಆರಾಮವಾಗಿಯೇ ಇದ್ದ. ಆಮೇಲೆ ಅವನಿಗೆ ಹೊಟ್ಟೆ ಬರತೊಡಗಿತು. ಗಿರಣಿಯವರು ಮಾಲೀಕನಾಗುವ ಲಕ್ಷಣವೆಂದು ಚೇಷ್ಟೆ ಮಾಡಿದರು. ಆದರೆ ಕೈಕಾಲು ಕಡ್ಡಿಯಾಗುತ್ತಿದ್ದವು, ಹೊಟ್ಟೆ ಒಂದೇ ಬೆಳೆಯುತ್ತಿತ್ತು. ಬೆಲ್ಟು ಬಿಟ್ಟು ಲಾಡಿ ಕಟ್ಟಿದ. ಲಾಡಿಯೂ ಸಾಲದಾದಾಗ ಲುಂಗಿಗೆ ಬಂದ. ‘ಒಳಗೊಳಗೇ ಕುಡೀತಿದ್ದ’ ಎಂದು ಓಣಿಯಲ್ಲಿ ಮಾತು ಹುಟ್ಟಿತು. ಚಹಾಕ್ಕೂ ಸಕ್ಕರೆ ಹೆಚ್ಚಾಯಿತೆಂದು ತಕರಾರು ಮಾಡುವ ಮನುಷ್ಯನ ಬಗ್ಗೆ. ಪಕ್ಕೀರವ್ವ ಸೊಪ್ಪಿನ ರಸವನ್ನು ಎರಡು ಪಟ್ಟು ಮಾಡಿದಳು. ೨೦೦೬ರ ಒಂದು ಬೆಳಗ್ಗೆ ಗಾಳೇಶ ಗಿರಣಿಯ ಅಂಗಳದಲ್ಲಿ ರಕ್ತ ವಾಂತಿ ಮಾಡಿಕೊಂಡ.

ಹುಬ್ಬಳ್ಳಿಯಲ್ಲಿ ಅದೇ ಡಾಕ್ಟರಮ್ಮ. ರಕ್ತ ನಿಲ್ಲಿಸಿ, ಹೊಟ್ಟೆಯ ನೀರು ತೆಗೆಸಿ, ರಕ್ತವನ್ನು ಹೊಸ ಪರೀಕ್ಷೆಗೆ ಕಳಿಸಿದಳು. ಉತ್ತರ ಬಂದ ದಿನ ನಾಲ್ವರನ್ನೂ ಕೂಡಿಸಿಕೊಂಡಳು: ಗಾಳೇಶ, ಸುನಿತಾ, ಪಕ್ಕೀರವ್ವ, ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದ ಬಸವಕುಮಾರ.

“ಗುಳಿಗಿ ಯಾಕ ಬಿಟ್ರಿ?”

“ನೆಗೆಟಿವ್ ಬಂದಿತ್ರಿ,” ಎಂದ ಬಸವಕುಮಾರ. ಹಳೆಯ ರಿಪೋರ್ಟನ್ನು ಪ್ಲಾಸ್ಟಿಕ್ ಹೊದಿಸಿ ಕಾಪಾಡಿದ್ದ. ಮುಂದಿಟ್ಟ.

ಡಾಕ್ಟರಮ್ಮ ಆ ಚಿಕ್ಕ ‘ಇ’ಯ ಮೇಲೆ ಬೆರಳಿಟ್ಟಳು. “ಇದು ‘ಇ’ ಪರೀಕ್ಷಾ. ವೈರಸ್ ಜೋರು ಇದ್ದಾಗ ‘ಇ’ ಅನ್ನೂ ಒಂದ ವಸ್ತು ರಗತಕ್ಕ ಬಿಡತೈತಿ. ಅದು ಐತೋ ಇಲ್ಲೋ ಅಂತ ನೋಡಿದ್ದು, ಅಷ್ಟ. ಇಲ್ಲ ಅಂತ ಬಂತು. ವೈರಸ್ ಇಲ್ಲ ಅಂತ ಯಾರೂ ಬರದಿಲ್ಲ.”

“ಮತ್ತ ‘ಇ’ ಎಲ್ಲಿ ಹೋತ್ರಿ?” ಎಂದಳು ಸುನಿತಾ.

“ವೈರಸ್ ತನ್ನ ನಕಲು ತಾನ ತಗೀಕೊಂತ ಬೆಳೀತೈತವ್ವಾ. ನಕಲು ತಗಿಯೂವಾಗ ಒಂದೊಂದ ಸಲ ಅಕ್ಷರ ತಪ್ಪತಾವು. ಇವರ ಮೈಯಾಗಿಂದು ಒಂದ ಅಕ್ಷರ ತಪ್ಪೇತಿ. ಆ ತಪ್ಪಿನಿಂದ ‘ಇ’ ತಯಾರಾಗೂದು ನಿಂತೈತಿ. ವೈರಸ್ ಮಾತ್ರ ನಿಂತಿಲ್ಲ. ಈಗ ವೈರಸ್ಸನ್ನ ಎಣಿಸೂ ಪರೀಕ್ಷಾ ಮಾಡಿಸೀನಿ. ತುಂಬಿ ತುಳುಕ್ಯಾಡತೈತಿ. ಇಷ್ಟ ವರ್ಷ ಗುಳಿಗಿ ಇಲ್ಲದ ಲಿವರ್ ತಿಂದೈತಿ.”

ಮಂಚದ ಮೇಲಿಂದ ಗಾಳೇಶ ಮೆಲ್ಲಗೆ ನಕ್ಕ. “ಅಂದ್ರ ಡಾಕ್ಟರಮ್ಮಾರ, ಅಂಗಡಿ ಬೋರ್ಡು ಇಳಿಸ್ಯಾರ, ಒಳಗ ವ್ಯಾಪಾರ ನಡದೈತಿ.”

“ಬರೋಬ್ಬರಿ.”

“ನಮ್ಮಣ್ಣ ಬೋರ್ಡು ಇಲ್ಲದ್ದ ನೋಡಿ ಶಾಲು ಹೊಚ್ಚಿಬಿಟ್ಟ.”

ಬಸವಕುಮಾರ ಕೆಮ್ಮಿದ. “ಅಷ್ಟ ಮಹತ್ವದ ಅಕ್ಷರ ಅಷ್ಟ ಸಣ್ಣದು ಹಾಕಿದ್ರ ಸಾರ್ವಜನಿಕರಿಗೆ ಹೆಂಗ ತಿಳೀಬೇಕ್ರಿ? ನಾ ಇದರ ಬಗ್ಗೆ ಜಿಲ್ಲಾಡಳಿತಕ್ಕ ಒಂದ ಮನವಿ ಕೊಡ್ತೀನಿ.”

ಪಕ್ಕೀರವ್ವನಿಗೆ ಅಕ್ಷರ ಬಾರದು. ಒಂದಕ್ಷರ ತಪ್ಪಿದರೆ ಒಂದು ಜೀವ ಹೋಗುತ್ತದೆಂದರೆ ತನ್ನಂಥವರು ಇಷ್ಟು ದಿನ ಹೇಗೆ ಬದುಕಿದ್ದಾರೆ ಎಂಬುದು ಅವಳಿಗೆ ತಿಳಿಯಲಿಲ್ಲ. “ನನ್ನ ಔಷಧ ಹತ್ತಲಿಲ್ಲೇನ್ರಿ ಹಂಗಂದ್ರ?” ಎಂದಳು.

ಡಾಕ್ಟರಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಪಕ್ಕೀರವ್ವ ಮುಂದೆ ಎಷ್ಟೋ ಸಲ ಅಂದುಕೊಂಡಳು. “ನಿಮ್ಮ ಕಡೆ ಬರೂ ಕಾಮಣಿ ಬಹಳಷ್ಟು ನೀರಿಂದ ಬಂದದ್ದವ್ವಾ. ಅದು ತಾನ ಬರತೈತಿ, ತಾನ ಹೋಗತೈತಿ. ಮಜ್ಜಿಗಿ ಕುಡದ್ರೂ ಹೋಗತೈತಿ, ಕುಡೀದಿದ್ರೂ ಹೋಗತೈತಿ. ಇದು ಹಂಗಲ್ಲ.”

ಮನೆಯವರೆಲ್ಲ ಪರೀಕ್ಷೆಗೆ ರಕ್ತ ಕೊಡಬೇಕೆಂದಳು. ಕೊಟ್ಟರು. ಸುನಿತಾಳಿಗೆ ವೈರಸ್ ಇರಲಿಲ್ಲ, ಸಹನಾಳಿಗೆ ಇರಲಿಲ್ಲ. ಇಬ್ಬರಿಗೂ ಲಸಿಕೆ ಹಾಕಿಸಿದರು. ಪಕ್ಕೀರವ್ವನಿಗೆ ಇತ್ತು.

“ನನಗ ಒಮ್ಮಿಯೂ ಕಾಮಣಿ ಆಗಿಲ್ರಿ,” ಎಂದಳು ಅವಳು, ಯಾರೋ ಕಳವು ಹೊರಿಸಿದಂತೆ.

“ಕೆಲವರ ಮೈಯಾಗ ಸುಮ್ಮನ ಕುಂತಿರತೈತಿ. ಅವರಿಗೇನೂ ಮಾಡಂಗಿಲ್ಲ. ಆದ್ರ ಹೆರಿಗಿ ವ್ಯಾಳ್ಯಾದಾಗ ಕೂಸಿಗೆ ದಾಟತೈತಿ. ಇವರಿಗೂ ಹಂಗ ಬಂದಿರಬೇಕು. ನಿಮ್ಮ ತಪ್ಪಲ್ಲವ್ವಾ ಅದು. ಆಗ ಲಸಿಕೀನೂ ಇರಲಿಲ್ಲ, ಗೊತ್ತೂ ಇರಲಿಲ್ಲ.”

ಮೌಲಾಹುಸೇನನ ಟೆಂಪೋದಲ್ಲಿ ಊರಿಗೆ ಮರಳಿದರು. ದಾರಿಯಲ್ಲಿ ಗಾಳೇಶ ತಾಯಿಯ ಭುಜಕ್ಕೆ ತಲೆ ಆನಿಸಿದ್ದ.

“ಅವ್ವಾ, ಪ್ಯಾಟ್ಯಾಗ ಒಂದ ತಗೊಂಡ್ರ ಒಂದ ಫ್ರೀ ಅಂತ ಕೊಡ್ತಾರಲ್ಲ. ನೀ ಜೀವಾ ಕೊಡೂವಾಗ ಹಂಗ ಕೊಟ್ಟೀ ನೋಡು.”

ಸುನಿತಾ ಕಿಟಕಿಯ ಕಡೆ ತಿರುಗಿದಳು. ಪಕ್ಕೀರವ್ವ ನಗಲಿಲ್ಲ. ಮಗ ನಗಿಸಲು ಹೇಳಿದ್ದನೋ ಚುಚ್ಚಲು ಹೇಳಿದ್ದನೋ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಆ ರವಿವಾರ ಬೇವಿನ ಮರದ ಕೆಳಗೆ ಎಂದಿನ ಹಾಗೆ ಸಾಲು. ಪಕ್ಕೀರವ್ವ ಬರಿಗೈಲಿ ಹೊರಗೆ ಬಂದಳು. ಶಾಲು ಇರಲಿಲ್ಲ, ಲೋಟ ಇರಲಿಲ್ಲ.

“ಔಷಧ ಇಲ್ಲ. ದವಾಖಾನಿಗೆ ಹೋಗ್ರಿ. ರಗತ ತೋರಸ್ರಿ. ಗುಳಿಗಿ ಇದ್ದಾವ್ರು ಬಿಡಬ್ಯಾಡ್ರಿ.”

“ಯವ್ವಾ, ನೀನ ಹ್ವಾದ ವರ್ಷ ಬಿಡು ಅಂದಿದ್ದಿ?” ಎಂದ ಒಬ್ಬ ಮುದುಕ. ಗಂಗಾವತಿ ಕಡೆಯ ಮುದಿಯಪ್ಪ ಎಂದು ಅವನ ಹೆಸರು. ಅವನ ಲುಂಗಿಯ ಮೇಲೂ ಹೊಟ್ಟೆ ಬಂದಿತ್ತು.

“ಅಂದಿದ್ದೆ. ಈಗ ಬಿಡಬ್ಯಾಡ ಅನ್ನಾಕತ್ತೀನಿ.”

“ಹೋದದ್ದು ಯಾರ ತಂದ ಕೊಡಬೇಕವ್ವಾ?”

ಜನ ಬೈದರು. ಕೈಗುಣ ಹೋಯಿತು, ಸೊಪ್ಪಿನ ಹೆಸರನ್ನು ಯಾರಿಗೋ ಮಾರಿಕೊಂಡಿದ್ದಾಳೆ, ದವಾಖಾನೆಯವರು ಹಣ ಕೊಟ್ಟಿದ್ದಾರೆ ಎಂದರು. ಒಬ್ಬ ಹೆಂಗಸು ಕಾಲು ಹಿಡಿದು, “ಒಂದ ಲೋಟ ಕೊಡವ್ವಾ, ನಾವು ಯಾರಿಗೂ ಹೇಳಂಗಿಲ್ಲ,” ಎಂದು ಅತ್ತಳು. ಬೈದದ್ದಕ್ಕಿಂತ ಅದು ಕೆಟ್ಟದಾಗಿತ್ತು. ಸಂಜೆ ಬಸವಕುಮಾರ ಓಡಿಬಂದ.

“ದೊಡ್ಡವ್ವಾ, ಹಿಂಗ ಏಕಾಏಕಿ ಬಂದ್ ಮಾಡಿದ್ರ ವೇದಿಕಿ ಗತಿ ಏನು? ಮುಂದಿನ ತಿಂಗಳು ರಾಜ್ಯಮಟ್ಟದ ಗೋಷ್ಠಿ ಇಟ್ಟೀನಿ.”

“ಗೋಷ್ಠಿಗೆ ನೀನ ಕುಡಸು. ಮಜ್ಜಿಗಿ ನಿಮ್ಮ ಮನ್ಯಾಗೂ ಇರತೈತಿ,” ಎಂದು ಅವಳು ಕದ ಹಾಕಿಕೊಂಡಳು.

ಗಾಳೇಶನಿಗೆ ಹೊಸ ಗುಳಿಗೆ ಶುರುವಾಗಿತ್ತು. ವೈರಸ್ ಇಳಿಯಿತು, ನಿಜ. ಆದರೆ ಗಟ್ಟಿಯಾಗಿ ಕಲ್ಲಾಗಿದ್ದ ಲಿವರಿನಲ್ಲಿ ಆಗಲೇ ಗಡ್ಡೆ ಎದ್ದಿತ್ತು. ಗುಳಿಗೆಗೆ ಗಡ್ಡೆಯ ಮೇಲೆ ಅಧಿಕಾರವಿರಲಿಲ್ಲ. ಪಕ್ಕೀರವ್ವ ಗಂಗಾವತಿಗೆ ಹೋಗಿ ಮಗನ ಮನೆಯಲ್ಲೇ ಉಳಿದಳು. ದಿನಾ ಬೆಳಗ್ಗೆ ಗುಳಿಗೆಯನ್ನು ತಾನೇ ಕೈಯಲ್ಲಿ ಹಿಡಿದು, ನೀರು ಹಿಡಿದು, ಅವನು ನುಂಗಿ ಬಾಯಿ ತೆರೆದು ತೋರಿಸುವ ತನಕ ಮುಂದೆ ನಿಂತಿರುತ್ತಿದ್ದಳು. ಗಾಳೇಶ ಬಾಯಿ ತೆರೆದು, “ಆ…” ಎಂದು ತೋರಿಸಿ, “ನುಂಗೀನಿ ಯವ್ವಾ. ಈಗರ ಪಾಸ್ ಮಾಡು,” ಅನ್ನುತ್ತಿದ್ದ. ಭತ್ತದ ಸುಗ್ಗಿಯಲ್ಲಿ, ಗಿರಣಿಗಳೆಲ್ಲ ಜೋರಾಗಿ ನಡೆದಿದ್ದ ಒಂದು ಮಧ್ಯಾಹ್ನ ತೀರಿಕೊಂಡ. ಆ ಹೊತ್ತಿಗೆ ಅವನ ಮೈಯಲ್ಲಿ ಹಳದಿಯಾಗದ ಜಾಗ ಉಳಿದಿರಲಿಲ್ಲ.

ಸುನಿತಾ ಆಮೇಲೆ ಅಂಗನವಾಡಿಯ ಕೆಲಸ ಹಿಡಿದಳು. ಹೆರಿಗೆಯಾದ ಮನೆಗೆಲ್ಲ ಹೋಗಿ, ಕೂಸಿಗೆ ಹುಟ್ಟಿದ ದಿನವೇ ಹಾಕುವ ಆ ಸೂಜಿ ಹಾಕಿಸಿದಿರಾ ಎಂದು ಕೇಳುವುದು ಅವಳ ಅಭ್ಯಾಸವಾಯಿತು. ಅತ್ತೆ ಸೊಸೆ ಒಂದೇ ಮನೆಯಲ್ಲಿದ್ದರು. ಗುಳಿಗೆ ಬಿಡಿಸಿದ ಆ ಸಂಜೆಯ ಮಾತನ್ನು ಸುನಿತಾ ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅವಳು ಎತ್ತದೆ ಇದ್ದದ್ದೇ ಪಕ್ಕೀರವ್ವನಿಗೆ ದಿನದಿನದ ಊಟದ ಜೊತೆ ಬಡಿಸಿದ ಹಾಗಾಗುತ್ತಿತ್ತು.

ಹತ್ತು ವರ್ಷವಾಗಿರಬೇಕು. ಬಸವಕುಮಾರ ನಿವೃತ್ತಿಗೆ ಬಂದಿದ್ದ. ಹೋಗುವ ಮೊದಲು ಜಿಲ್ಲೆಗೆ ಏನಾದರೂ ಬಿಟ್ಟು ಹೋಗಬೇಕೆಂದು, ‘ನಮ್ಮ ಜಿಲ್ಲೆಯ ನಾಟಿವೈದ್ಯ ರತ್ನಗಳು’ ಎಂಬ ಗ್ರಂಥ ತರಲು ಹೊರಟಿದ್ದ. ಮೊದಲ ರತ್ನ ದೊಡ್ಡವ್ವನೇ ಆಗಬೇಕು. ಗಂಗಾವತಿಗೆ ಬಂದು, ಕುರ್ಚಿ ಎಳೆದು ಕುಳಿತು, ಪೆನ್ನಿನ ಮುಚ್ಚಳ ತೆಗೆದ. ಪಕ್ಕೀರವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಲ್ಲೆ ಎಂದಳು. ಅವನು ಅದನ್ನು ವಿನಯವೆಂದು ಬರೆದುಕೊಂಡ.

“ಎಲ್ಲಾ ಬರದೀನಿ ದೊಡ್ಡವ್ವಾ. ಅತ್ತಿಯಿಂದ ವಿದ್ಯೆ ಬಂದದ್ದು, ತಹಸೀಲ್ದಾರ ಸಾಲಿನ್ಯಾಗ ನಿಂತದ್ದು, ಸನ್ಮಾನ. ಒಂದ ಕಡೆ ಮಾತ್ರ ತೊಡಕೈತಿ.”

“ಏನು?”

“ಗಾಳೇಶಂದು. ಸಾವಿರಾರು ಮಂದಿ ಗುಣಾ ಮಾಡಿದಾಕಿ ಮಗಾ ಅದ ಬ್ಯಾನ್ಯಾಗ ಹ್ವಾದ ಅಂದ್ರ ಓದಾವ್ರಿಗೆ ಔಷಧದ ಮ್ಯಾಲ ಸಂಶಯ ಬರತೈತಿ. ಅದಕ್ಕ ಒಂದ ಕಾರಣ ಹಾಕಬೇಕು.” ಅವನು ಪೆನ್ನನ್ನು ಹಾಳೆಯ ಮೇಲೆ ಆನಿಸಿ, ತಲೆಯೆತ್ತಿ ಕೇಳಿದ: “ನೆನಪ ಮಾಡಕೊಂಡ ಹೇಳು. ಗಾಳೇಶ ಪಥ್ಯ ಮುರದಿದ್ದನೇನು?”

ಪಕ್ಕೀರವ್ವ ಮೊರ ಕೆಳಗಿಟ್ಟಳು.

“ಇಲ್ಲ,” ಅಂದಳು. “ನನ್ನ ಮಾತ ಕೇಳಿ ಸತ್ತ. ಹಂಗ ಬರಿ.”